ದೊಲ್ನಾ ಸ್ಲಿವಾ ಗ್ರಂಥಾಲಯದಿಂದ ಪುಸ್ತಕಗಳ ತಾತ್ಕಾಲಿಕ ತೆರವು

ದೊಲ್ನಾ ಸ್ಲಿವಾ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಆಧುನೀಕರಣಕ್ಕೆ ಇದ್ದ ಏಕೈಕ ಅಡಚಣೆಯೆಂದರೆ ಅದರೊಳಗಿದ್ದ ಪುಸ್ತಕಗಳು. ಈ ಸಂಗತಿಯನ್ನು ಪುರಸಭೆಯು ಸರ್ವಾನುಮತದಿಂದ ಅಂಗೀಕರಿಸಿ, ಸದರಿ ಅಡಚಣೆಯನ್ನು ನಿವಾರಿಸತಕ್ಕದ್ದೆಂದು ನಿರ್ಣಯಿಸಿತು.

ನಿರ್ಣಯವನ್ನು ಬರೆದವನು ನಾನೇ. ನಮ್ಮ ಪುರಸಭೆಯ ಪ್ರಕಟಣಾ ವಿಭಾಗವೆಂದರೆ ನಾನು ಮತ್ತು ಒಂದು ಡಬ್ಬ ಅಂಟು. ಪ್ರಕಟಣೆಗಳನ್ನು ಬಸ್ ನಿಲ್ದಾಣದ ಗೋಡೆಯ ಮೇಲೆ, ಫೋಟೋ ಹಾಕಿದ ಸಾವಿನ ಕಾಗದಗಳ ಪಕ್ಕದಲ್ಲೇ ಅಂಟಿಸುತ್ತೇನೆ. ಯಾರು ಹೋದರು ಎಂದು ತಿಳಿಯಲು ಊರೆಲ್ಲ ಅಲ್ಲಿಗೆ ಬರುತ್ತದೆ. ಬಂದವರು ಸತ್ತವರಿಗಾಗಿ ಎದೆಯ ಮೇಲೊಂದು ಶಿಲುಬೆಯ ಗುರುತು ಹಾಕಿಕೊಂಡು, ನಮ್ಮದನ್ನೂ ಓದಿ, ಕೆಲವೊಮ್ಮೆ ಅದಕ್ಕೂ ಒಂದು ಶಿಲುಬೆ ಹಾಕಿಕೊಂಡು ಹೋಗುತ್ತಾರೆ.

ಇದೆಲ್ಲ ಶುರುವಾದದ್ದು ಒಂದು ತಗಡಿನಿಂದ. ಗ್ರಂಥಾಲಯದ ಮಾಡು ಇತಿಹಾಸ ವಿಭಾಗದ ಮೇಲೆ ಸೋರುತ್ತಿತ್ತು. ಗ್ರಂಥಪಾಲಕಿ ಝಿವ್ಕಕ್ಕ ಹಿಮ ಕರಗಿದ ಕೂಡಲೇ ಪ್ರತಿ ವರ್ಷ ಪುರಸಭೆಗೆ ಬಂದು ಒಂದು ತಗಡು ಕೇಳುತ್ತಿದ್ದಳು. ದಪ್ಪ ಕನ್ನಡಕ, ದೊಡ್ಡ ದನಿ, ಸೈಕಲ್ಲು. ಇಡೀ ಊರಲ್ಲಿ ಅವಳ ಕೈಯಲ್ಲಿ ಬೈಸಿಕೊಳ್ಳದವರಿಲ್ಲ, ಅವಳು ಕೊಟ್ಟ ಪುಸ್ತಕ ಇಷ್ಟವಾಗಲಿಲ್ಲ ಎಂದು ಹೇಳಿದವರೂ ಇಲ್ಲ.

"ಝಿವ್ಕಕ್ಕ, ಒಂದು ತಗಡಿಗೆ ಅಂತ ಯಾವ ಯೋಜನೇನೂ ಇಲ್ಲ. ಎಲ್ಲಾ ಕಡೆ ಹುಡುಕ್ಸಿದೀನಿ," ಎಂದರು ಮೇಯರ್ ಕ್ರುಮ್. "ಆದ್ರೆ ಇಡೀ ಗ್ರಂಥಾಲಯ ಆಧುನಿಕ ಮಾಡ್ತೀವಿ ಅಂದ್ರೆ ಯುರೋಪಿನ ನಿಧಿಯೋರು ಕಣ್ಣು ಮುಚ್ಕೊಂಡು ಕೊಡ್ತಾರೆ."

"ಇಡೀದು ಯಾರಿಗೆ ಬೇಕು ಮೇಯರ್ರೇ? ನನಗೆ ತಗಡು ಸಾಕು."

"ನೋಡು, ಹಿಂಗೆ ಸಣ್ಣದಾಗಿ ಯೋಚ್ನೆ ಮಾಡಿ ಮಾಡಿನೇ ನಮ್ಮೂರು ಹಿಂದೆ ಬಿದ್ದಿರೋದು."

ನಿಧಿಯವರು ಕೊಟ್ಟರು. ಗುತ್ತಿಗೆಗಾಗಿ ಸ್ಪರ್ಧೆ ಏರ್ಪಟ್ಟಿತು. ಸ್ಪರ್ಧೆಯು ಅತ್ಯಂತ ಪಾರದರ್ಶಕವಾಗಿತ್ತು. ಸ್ಪರ್ಧಿ ಒಬ್ಬನೇ ಇದ್ದುದರಿಂದ ಯಾರಿಗೂ ಏನೂ ಮರೆಯಾಗಲಿಲ್ಲ. ಗೆದ್ದವನು ರುಮೆನ್, ಮೇಯರರ ಹೆಂಡತಿಯ ತಮ್ಮ. ಅಲ್ಲಿಯವರೆಗೆ ಅವನು ಕಪ್ಪು ಸಮುದ್ರದ ದಂಡೆಯ ಹೋಟೆಲುಗಳಿಗೆ ಈಜುಕೊಳ ಕಟ್ಟಿಕೊಡುತ್ತಿದ್ದ. ದಿವಾಳಿಯಾದ ಹೋಟೆಲೊಂದಕ್ಕೆ ತರಿಸಿದ್ದ ನೀಲಿ ಹೆಂಚುಬಿಲ್ಲೆಗಳು ಅವನ ಶೆಡ್ಡಿನಲ್ಲಿ ರಾಶಿ ಬಿದ್ದಿದ್ದವು. ನಕ್ಷೆ ಬರೆಯಲು ರಾಜಧಾನಿ ಸೋಫಿಯಾದಿಂದ ಲುಚೆಜಾರ್ ಎಂಬ ವಾಸ್ತುಶಿಲ್ಪಿ ಬಂದರು. ತಲೆಯಿಂದ ಕಾಲಿನವರೆಗೆ ಕಪ್ಪು ಬಟ್ಟೆ. ಯಾರ ಮನೆಯಲ್ಲಿ ತೀರಿಹೋಗಿದ್ದಾರೆ ಎಂದು ಜನ ಮೊದಲು ವಿಚಾರಿಸಿದರು.

ನಕ್ಷೆಯನ್ನು ಸಭೆಯಲ್ಲಿ ಬಿಡಿಸಿಟ್ಟಾಗ ಝಿವ್ಕಕ್ಕ ಕನ್ನಡಕ ಒರೆಸಿಕೊಂಡು ಎರಡೆರಡು ಸಲ ನೋಡಿದಳು.

"ಇದ್ರಲ್ಲಿ ಕಪಾಟು ಎಲ್ಲಿವೆ?"

"ಕಪಾಟು ಅನ್ನೋದು ಹಳೇ ಕಲ್ಪನೆ ಮೇಡಂ," ಎಂದರು ಲುಚೆಜಾರ್. "ಜಾಗ ಅನ್ನೋದು ಉಸಿರಾಡ್ಬೇಕು."

"ಪುಸ್ತಕಗಳು?"

"ಅವೂ ಉಸಿರಾಡ್ಲಿ. ಬೇರೆ ಕಡೆ."

ಸಭೆ ಚಪ್ಪಾಳೆ ತಟ್ಟಿತು. ಇನ್ನುಳಿದದ್ದು ಆ ಬೇರೆ ಕಡೆ ಎಲ್ಲಿ ಎಂಬ ಪ್ರಶ್ನೆ. ಗೋದಾಮಿನ ಬಾಡಿಗೆಯು ನಿಧಿಯ ನಿಯಮದಲ್ಲಿ ಒಪ್ಪಿತವಲ್ಲದ ಖರ್ಚಾಗಿತ್ತು. ಉದ್ಘಾಟನೆಯ ಊಟ ಒಪ್ಪಿತ ಖರ್ಚಾಗಿತ್ತು. ಹೀಗಾಗಿ ಈ ಕೆಳಗಿನ ಕಾಗದ ಬಸ್ ನಿಲ್ದಾಣದ ಗೋಡೆಯೇರಿತು:

"ಪ್ರಕಟಣೆ. ಆಧುನೀಕರಣದ ಅವಧಿಯಲ್ಲಿ ಗ್ರಂಥಾಲಯದ ಪುಸ್ತಕಗಳನ್ನು ನಾಗರಿಕರ ಮನೆ, ಅಂಗಡಿ ಹಾಗೂ ತೇವವಿಲ್ಲದ ಇತರ ಸ್ಥಳಗಳಲ್ಲಿ ತಾತ್ಕಾಲಿಕವಾಗಿ ಇರಿಸಲಾಗುವುದು. ಪುಸ್ತಕ ಪಡೆದವರು ಅದರ ಪಾಲಕರೆನಿಸಿಕೊಳ್ಳುವರು. ಗ್ರಂಥಾಲಯವು ಮುಚ್ಚಿರುವುದರಿಂದ ಪಾಲಕರು ಪುಸ್ತಕಗಳನ್ನು ಓದತಕ್ಕದ್ದಲ್ಲ, ಪರರಿಗೆ ಕೊಡತಕ್ಕದ್ದೂ ಅಲ್ಲ. ಆದರೆ ತೇವ ತಗುಲಿದೆಯೇ ಎಂಬುದನ್ನು ತಿಳಿಯಲು ಪ್ರತಿ ಪುಟವನ್ನೂ ತೆರೆದು ಪರಿಶೀಲಿಸತಕ್ಕದ್ದು. ಯಾವ ಮನೆಗೂ ಅನ್ಯಾಯದ ಲಾಭವಾಗದಂತೆ, ಹಲವು ಸಂಪುಟಗಳುಳ್ಳ ಕೃತಿಗಳನ್ನು ಮನೆಗೊಂದು ಸಂಪುಟದಂತೆ ಹಂಚಲಾಗುವುದು."

ರುಮೆನ್‌ನ ಟ್ರ್ಯಾಕ್ಟರು ಬೀದಿಬೀದಿ ಸುತ್ತಿ ಪುಸ್ತಕ ಇಳಿಸಿತು. ಕವಿತೆಗಳು ತ್ಸೊಲಣ್ಣನ ಮಾಂಸದಂಗಡಿಗೆ ಹೋದವು, ಅಲ್ಲಿ ತಂಪಿದೆ ಎಂಬ ಕಾರಣಕ್ಕೆ. ಕಾನೂನು ಕ್ಷೌರದಂಗಡಿಗೆ ಹೋಯಿತು. ಅಡುಗೆ ಪುಸ್ತಕಗಳು ಪಾದ್ರಿಯ ಮನೆಗೆ ಬಂದವು. ಅದು ಈಸ್ಟರಿಗೆ ಮುಂಚಿನ ಉಪವಾಸದ ಕಾಲ. ಪಾದ್ರಿ ಪುಟ ಪುಟವನ್ನೂ ಪರಿಶೀಲಿಸಿ, ಆ ವರ್ಷದಷ್ಟು ಕಠಿಣವಾದ ಉಪವಾಸವನ್ನು ತಾನು ಎಂದೂ ಮಾಡಿರಲಿಲ್ಲ ಎಂದು ಪೀಠದಿಂದಲೇ ಹೇಳಿದರು.

ತೊಂದರೆಯಾದದ್ದು ಯೊರ್ದಾಂಕಜ್ಜಿಗೆ.

ಅವಳ ಗಂಡ ಮೆತೋದಜ್ಜ ಡ್ಯಾನ್ಯೂಬಿನಲ್ಲಿ ದೋಣಿ ದಾಟಿಸುತ್ತಿದ್ದವನು. ಕಣ್ಣಿಗೆ ಪೊರೆ ಬಂದು ಈಗ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಊಟವಾದ ಮೇಲೆ ಅಜ್ಜಿ ಅವನಿಗೆ ಪುಸ್ತಕ ಓದಿ ಹೇಳುತ್ತಾಳೆ. ಒಂದು ವ್ಯಾಪಾರಿ ಕುಟುಂಬದ ಕಥೆ, ಹನ್ನೆರಡು ಸಂಪುಟ. ಏಳನೆಯದರ ಕಡೇ ಸಾಲಿನಲ್ಲಿ ಆ ಮನೆಯ ಹಿರಿಯ ಮಗ ಸೇತುವೆ ಮೇಲಿಂದ ನದಿಗೆ ಹಾರಿದ್ದ. ಅಷ್ಟರಲ್ಲಿ ಗ್ರಂಥಾಲಯ ಮುಚ್ಚಿತು.

"ಸತ್ನೇನೇ ಅವ್ನು?" ಎಂದು ಅಜ್ಜ ಬೆಳಿಗ್ಗೆ ಎದ್ದ ಕೂಡಲೇ ಕೇಳುವನು.

"ನಂಗೇನು ಗೊತ್ತು? ಎಂಟನೇದು ಸಿಕ್ರೆ ತಾನೇ."

"ಮಾರ್ಚಿ ತಿಂಗಳ ನೀರು ಕೊರೀತಿರತ್ತೆ. ಆದ್ರೆ ಆ ಸೇತುವೆ ಹತ್ರ ಸೆಳೆತ ಕಡಿಮೆ. ಬೂಟು ಬಿಚ್ಚಿದ್ರೆ ಬದುಕ್ತಾನೆ. ಬೂಟು ಬಿಚ್ಚಿದ್ನಾ?"

"ಬರ್ದಿಲ್ಲ."

"ಬೂಟಿನ ವಿಷ್ಯ ಬರೀದೇ ಇರೋನು ಎಂಥಾ ಸಾಹಿತಿ!"

ಅಜ್ಜ ಊಟ ಬಿಟ್ಟನೆಂದಲ್ಲ, ಆದರೆ ರುಚಿ ಬಿಟ್ಟ. ಮೊಸರಿನ ಸಾರು ಹಾಗೇ ಉಳಿಯತೊಡಗಿತು. ಅಜ್ಜಿ ಝಿವ್ಕಕ್ಕನನ್ನು ಹುಡುಕಿಕೊಂಡು ಹೋದಳು. ಎಂಟನೆಯ ಸಂಪುಟ ಹೋಗಿದ್ದದ್ದು ಪಕ್ಕದ ಮನೆಗೆ, ಸ್ತಾನ್ಕಾಳಿಗೆ. ಬೇಲಿಯ ಆಚೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಆದರೆ ಯೊರ್ದಾಂಕಜ್ಜಿಯ ಅಕ್ರೋಟು ಮರದ ಎಲೆ ಸ್ತಾನ್ಕಾಳ ಅಂಗಳದಲ್ಲಿ ಉದುರುತ್ತದೆ ಎಂಬ ಕಾರಣಕ್ಕೆ ಎರಡೂ ಮನೆಯವರು ಮಾತು ಬಿಟ್ಟು ಬಹಳ ವರ್ಷಗಳಾಗಿದ್ದವು.

"ಇನ್ಯಾರಾದ್ರೂ ಆಗಿದ್ರೆ ಆಗ್ತಿತ್ತು," ಎಂದಳು ಅಜ್ಜಿ. "ಆ ಮೂದೇವಿ ಹತ್ರ ನಾನು ಕೇಳೋದಾ?"

"ಅಜ್ಜಿ, ನಾನಂತೂ ಇಸ್ಕೊಡೋ ಹಂಗಿಲ್ಲ. ಗ್ರಂಥಾಲಯ ಮುಚ್ಚಿರೋವಾಗ ಗ್ರಂಥಪಾಲಕಿ ಪುಸ್ತಕ ಮುಟ್ಟಿದ್ರೆ ಕೆಲಸ ಹೋಗತ್ತಂತೆ. ನೀವೇ ಹೋಗಿ. ಅಜ್ಜನ ಮುಖ ನೋಡಿ ಹೋಗಿ."

ಅಜ್ಜಿ ಒಂದು ತಟ್ಟೆ ಬಾನಿತ್ಸಾ ಮಾಡಿಕೊಂಡು ಬೇಲಿಯ ಹತ್ತಿರ ಹೋದಳು. ಚೀಸು ತುಂಬಿ, ಪದರ ಪದರವಾಗಿ, ಬಿಸಿಬಿಸಿ. ಸ್ತಾನ್ಕಾ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪುಸ್ತಕ ಹಿಡಿದು ಕೂತಿದ್ದಳು. ನಾನು ಆ ಬೀದಿಯಲ್ಲಿ ಪ್ರಕಟಣೆ ಅಂಟಿಸುತ್ತಿದ್ದುದರಿಂದ ಮಾತುಕತೆಯನ್ನು ಅಧಿಕೃತವಾಗಿ ಕೇಳಿಸಿಕೊಂಡೆ.

"ಏನೇ, ಓದ್ತಿದೀಯಾ?"

"ಓದೋ ಹಂಗಿಲ್ಲ. ಪರಿಶೀಲ್ನೆ ಮಾಡ್ತಿದೀನಿ." ಸ್ತಾನ್ಕಾ ತಲೆಯೆತ್ತಲಿಲ್ಲ. "ತೇವ ಇದ್ಯಾ ಅಂತ."

"ಅಳ್ತಿದೀಯಲ್ಲೇ."

"ಅದಕ್ಕೇ ತೇವ ನೋಡ್ಬೇಕಾಗಿರೋದು."

ಅಜ್ಜಿ ತಟ್ಟೆಯನ್ನು ಬೇಲಿಯ ಕಂಬದ ಮೇಲಿಟ್ಟಳು.

"ಅವ್ನು ಬದುಕಿದ್ನಾ? ಅಷ್ಟು ಹೇಳು ಸಾಕು. ನಮ್ಮನೇವ್ರು ಕೊರಗ್ತಿದಾರೆ."

"ಹೇಳ್ಬಿಟ್ರೆ ಓದಿದಂಗೆ ಆಗಲ್ವಾ? ನಿಯಮ ಐತಲ್ಲ." ಸ್ತಾನ್ಕಾ ಎದ್ದು ಬಂದು ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. "ಉಪ್ಪು ಸ್ವಲ್ಪ ಕಡ್ಮೆ. ಆದ್ರೆ ಜೋರಾಗಿ ಪರಿಶೀಲ್ನೆ ಮಾಡಬಾರ್ದು ಅಂತ ಎಲ್ಲೂ ಬರ್ದಿಲ್ಲ. ಮುದುಕಪ್ಪನ್ನ ಕರ್ಕೊಂಡ್ಬಂದು ಬೇಲಿ ಪಕ್ಕ ಕೂರ್ಸು. ಮೊದ್ಲಿಂದ ಮತ್ತೆ ಪರಿಶೀಲಿಸ್ತೀನಿ."

ನಾನು ನಿಯಮಾವಳಿಯನ್ನು ತೆಗೆದು ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು.

ಅಂದಿನಿಂದ ಅಕ್ರೋಟು ಮರದ ಕೆಳಗೆ ದಿನವೂ ಗಟ್ಟಿ ದನಿಯಲ್ಲಿ ಪರಿಶೀಲನೆ ನಡೆಯಿತು. ಮೆತೋದಜ್ಜ ಬೇಲಿಗೆ ಒರಗಿ ಕೂತು ಕೇಳುತ್ತಿದ್ದ. ಹಿರಿಯ ಮಗ ಬೂಟು ಬಿಚ್ಚಿಯೇ ಹಾರಿದ್ದನೆಂದು ತಿಳಿದ ದಿನ ಎರಡು ಬಟ್ಟಲು ಮೊಸರಿನ ಸಾರು ಕುಡಿದ. ಎಂಟು ಮುಗಿದ ಮೇಲೆ ಮೂವರೂ ಸೇರಿ ಒಂಬತ್ತನೆಯದು ಇದ್ದ ಅಂಚೆಯವನ ಮನೆಗೆ ಹೋದರು, ಕುರ್ಚಿ ಸಮೇತ. ಹೆಂಗಸರು ದಾರಿಯುದ್ದಕ್ಕೂ ಜಗಳವಾಡುತ್ತಿದ್ದರು. ಕಥೆಯಲ್ಲಿ ಬರುವ ವಿಧವೆಯ ಮಾತನ್ನು ಸ್ತಾನ್ಕಾ ತೀರಾ ಗೊಗ್ಗರು ದನಿಯಲ್ಲಿ ಓದುತ್ತಾಳೆ ಎಂಬುದು ಯೊರ್ದಾಂಕಜ್ಜಿಯ ದೂರು.

ಈ ನಡುವೆ ಗ್ರಂಥಾಲಯ ಸಿದ್ಧವಾಯಿತು. ರುಮೆನ್ ತನಗೆ ಗೊತ್ತಿದ್ದುದನ್ನು ಚೆನ್ನಾಗಿ ಕಟ್ಟುವವನು. ನೆಲದಿಂದ ಗೋಡೆಯ ಅರ್ಧದವರೆಗೆ ನೀಲಿ ಬಿಲ್ಲೆ. ಬಾಗಿಲಿನಿಂದ ಒಳಗೆ ಹೋಗುತ್ತ ಹೋಗುತ್ತ ನೆಲ ನಯವಾಗಿ ಇಳಿಯುತ್ತದೆ. ಕೊನೆಯಲ್ಲಿ ಒಂದು ಜಾಲರಿ, ನೀರು ಹೋಗಲು. ಕಿಟಕಿಯ ಪಕ್ಕ ಉಕ್ಕಿನ ಕೈಹಿಡಿಯಿರುವ ಪುಟ್ಟ ಏಣಿ. ಅದು ಕೆಳಗಿನಿಂದ ಮೇಲೆ ಬಂದು ಎಲ್ಲಿಗೂ ಹೋಗುವುದಿಲ್ಲ.

ಉದ್ಘಾಟನೆಯ ದಿನ ಜೋರು ಮಳೆ. ಕೆಂಪು ಪಟ್ಟಿ ಕತ್ತರಿಸಲಾಯಿತು, ಅತಿಥಿಗಳಿಗೆ ಸಂಪ್ರದಾಯದಂತೆ ಬ್ರೆಡ್ಡು ಉಪ್ಪು ಹಂಚಲಾಯಿತು, ಪಾದ್ರಿ ತುಳಸಿಯ ಕಟ್ಟಿನಿಂದ ತೀರ್ಥ ಚಿಮುಕಿಸಿದರು. ಅಷ್ಟರಲ್ಲಿ ಹಳೆಯ ಜಾಗದಲ್ಲೇ ಮಾಡು ಸೋರತೊಡಗಿತು. ಮಾಡಿನ ದುರಸ್ತಿ ಆಧುನೀಕರಣದ ವ್ಯಾಪ್ತಿಯಲ್ಲಿ ಬರುತ್ತಿರಲಿಲ್ಲ. ನೀರು ನೀಲಿ ನೆಲದ ಮೇಲೆ ಸಾಲಾಗಿ ಹರಿದು, ಯಾರ ಕಾಲಿಗೂ ತಾಗದೆ, ಜಾಲರಿಯೊಳಗೆ ಇಳಿದುಹೋಯಿತು. ಸಭಿಕರು ಬೆರಗಾದರು. ಲುಚೆಜಾರ್ ಎದೆಯ ಮೇಲೆ ಕೈಯಿಟ್ಟು ಬಾಗಿದರು.

ಝಿವ್ಕಕ್ಕ ಮುಂದೆ ಬಂದಳು. "ಸರಿ. ಚೆನ್ನಾಗಿದೆ. ಪುಸ್ತಕ ಯಾವಾಗ ತರ್ಸೋದು?"

ಮೇಯರರು ಅವಳ ಭುಜದ ಮೇಲೆ ಕೈಯಿಟ್ಟರು. "ಅದೇ ಒಂದು ಸಣ್ಣ ವಿಷ್ಯ. ನಿಧಿಯೋರ ಷರತ್ತು ಪ್ರಕಾರ ಐದು ವರ್ಷ ಈ ಕಟ್ಟಡ, ಕೆಲಸ ಮುಗ್ದಾಗ ಅವ್ರಿಗೆ ಕಳ್ಸಿದ ಫೋಟೋದಲ್ಲಿರೋ ಹಂಗೇ ಇರ್ಬೇಕು. ಏನೂ ಬದ್ಲಾಯಿಸಂಗಿಲ್ಲ. ಬದ್ಲಾಯ್ಸಿದ್ರೆ ದುಡ್ಡು ವಾಪಸ್."

"ಫೋಟೋದಲ್ಲಿ ಪುಸ್ತಕ ಇಲ್ಲ."

"ಇಲ್ಲ."

"ನಾನು ಇದೀನಾ?"

ಮೇಯರರು ಫೋಟೋ ತರಿಸಿ ನೋಡಿದರು. ಝಿವ್ಕಕ್ಕ ಇರಲಿಲ್ಲ. ರುಮೆನ್ ಇದ್ದ, ಅವನ ಮೋಟಾರು ಸೈಕಲ್ಲಿನ ಹಿಂಚಕ್ರವೂ ಇತ್ತು. ಹೀಗಾಗಿ ಆ ಮೋಟಾರು ಸೈಕಲ್ಲು ಇಂದಿಗೂ ಅಲ್ಲೇ ನಿಂತಿದೆ, ರುಮೆನ್‌ಗೆ ಗ್ರಂಥಾಲಯದ ಸ್ಥಿರಪಾಲಕನೆಂಬ ಹುದ್ದೆ ಸಿಕ್ಕಿದೆ. ಝಿವ್ಕಕ್ಕನ ಹುದ್ದೆ ಫೋಟೋದ ಹೊರಗೆ ಉಳಿಯಿತು.

ಮಾರನೇ ದಿನ ಅವಳು ಸೈಕಲ್ಲಿನ ಬುಟ್ಟಿಯಲ್ಲಿ ಒಂದು ಪುಸ್ತಕವನ್ನಿಟ್ಟುಕೊಂಡು ಬಂದಳು. ಊರಿನ ಹಳೆಯ ಚರಿತ್ರೆ, ಮಳೆಯಲ್ಲಿ ನೆನೆದು ಉಬ್ಬಿದ್ದು. ಬಾಗಿಲಿನ ಒಳಗೆ ನೆಲದ ಮೇಲೆ ಇಟ್ಟು, "ಎತ್ತಿ ಹೊರಗೆ ಹಾಕೋ ಧೈರ್ಯ ಇರೋರು ಹಾಕ್ಲಿ," ಎಂದಳು. ಯಾರೂ ಎತ್ತಲಿಲ್ಲ. ಪುಸ್ತಕ ತಾನೇ ನಿಧಾನಕ್ಕೆ ಜಾರಿಕೊಂಡು ಇಳಿಜಾರಿನಲ್ಲಿ ಸಾಗಿ, ಜಾಲರಿಯ ಹತ್ತಿರ ಹೋಗಿ ನಿಂತಿತು. ಝಿವ್ಕಕ್ಕ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಅವಳು ಅಷ್ಟು ಹೊತ್ತು ಬೈಯದೆ ಕೂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಒಂದು ಕಾಫಿ ತಂದುಕೊಟ್ಟೆ. ಇಳಿಜಾರಿನಲ್ಲಿ ಅವಳೂ ಸ್ವಲ್ಪ ಜಾರಿದ್ದಳು. ಕುಡಿದು ಎದ್ದು, ಪುಸ್ತಕವನ್ನು ಮತ್ತೆ ಬುಟ್ಟಿಗೆ ಹಾಕಿಕೊಂಡು ಹೋದಳು.

ಚಳಿಗಾಲಕ್ಕೆಂದು ಕೆಂಪು ದೊಣ್ಣೆ ಮೆಣಸಿನಕಾಯಿ ಸುಟ್ಟಿಡುವ ಕಾಲಕ್ಕೆ, ಅಂದರೆ ಊರಿಗೆ ಊರೇ ಹೊಗೆಯಲ್ಲಿ ಮುಳುಗಿದ್ದಾಗ, ನಿಧಿಯ ಪರಿಶೀಲಕಿ ಬಂದರು. ಉತ್ತರದ ಯಾವುದೋ ದೇಶದವರು, ಬೆನ್ನಿಗೊಂದು ಚೀಲ. ಅವರ ಮಾತನ್ನು ನಮ್ಮವರಿಗೆ, ನಮ್ಮವರದನ್ನು ಅವರಿಗೆ ಹೇಳುವ ಕೆಲಸ ನನ್ನದಾಯಿತು.

ಅವರು ಖಾಲಿ ಕಟ್ಟಡವನ್ನು ನೋಡಿ ಕೇಳಿದರು: "ಓದುಗರು ಎಲ್ಲಿ?"

"ಸಮುದಾಯದಲ್ಲಿ ಇದಾರೆ," ಎಂದರು ಮೇಯರ್, ಬೆವರುತ್ತ.

"ಸಮುದಾಯ ಎಲ್ಲಿ?"

ಮೇಯರರು ನನ್ನ ಕಡೆ ನೋಡಿದರು. ಪರಿಶೀಲಕಿ ಉತ್ತರಕ್ಕೆ ಕಾಯದೆ ಬೀದಿಗಿಳಿದರು. ಹಸಿವಾಗಿತ್ತೋ ಏನೋ, ನೇರ ತ್ಸೊಲಣ್ಣನ ಅಂಗಡಿಗೆ ಹೋದರು. ತ್ಸೊಲಣ್ಣ ಭಾರಿ ಎತ್ತರದ ಮನುಷ್ಯ, ಮರದ ದಿಮ್ಮಿಯಂಥ ತೋಳು. ಕವಿತೆಗಳಿಗೆ ತೇವ ತಗುಲಿದೆಯೇ ಎಂದು ಬೇಸಿಗೆಯಿಡೀ ನೋಡಿ ನೋಡಿ ಅರ್ಧಕ್ಕರ್ಧ ಬಾಯಿಪಾಠವಾಗಿತ್ತು. ಮುಂದೆ ಹೆಂಗಸರು ಸಾಲುಗಟ್ಟಿದ್ದರು.

"ನಿಂಗೆ ಕೈಮಾ ತಾನೇ, ಮಾರಿಯೊಲಾ? ಕೈಮಾ ಜೊತೆಗೆ ಏನಾದ್ರೂ ಹಗುರವಾದ್ದು ಕೇಳ್ಸ್ಕೋ. ವಸಂತದ್ದು ಒಂದಿದೆ." ಕತ್ತಿ ಇಳಿಯುವ ತಾಳಕ್ಕೆ ಸರಿಯಾಗಿ ಹೇಳಿದ.

"ನಂಗೆ ಪಕ್ಕೆಲುಬು, ತ್ಸೊಲಣ್ಣ. ಹೋದ್ವಾರದ್ದು ಸರಿಯಿರ್ಲಿಲ್ಲ," ಎಂದಳು ಹಿಂದೆ ನಿಂತಿದ್ದವಳು.

"ಮಾಂಸಾನಾ, ಕವಿತೇನಾ?"

"ಕವಿತೆ. ಕೊನೇಲಿ ಎಲ್ಲಾರೂ ಸತ್ತೋದ್ರು. ಮನೇಲಿ ಮಕ್ಳು ಊಟಾನೇ ಮಾಡ್ಲಿಲ್ಲ."

ಪರಿಶೀಲಕಿ ಅನುವಾದ ಕೇಳಿ ಕಣ್ಣೊರೆಸಿಕೊಂಡರು. ಸುಟ್ಟ ಮೆಣಸಿನಕಾಯಿಯ ಹೊಗೆಯೂ ಇದ್ದೀತು. ಆಮೇಲೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡದ ಇಬ್ಬರು ಆಸ್ತಿ ಹಕ್ಕಿನ ಬಗ್ಗೆ ವಾದಿಸುವುದನ್ನು ನೋಡಿದರು. ಹನ್ನೊಂದನೆಯ ಸಂಪುಟವಿದ್ದ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ ಮೂವರು ಮುದುಕರನ್ನು ನೋಡಿದರು. ವಾಪಸಾಗಿ ಬರೆದ ವರದಿಯಲ್ಲಿ, ಗೋಡೆಗಳನ್ನು ಮೀರಿದ ಇಂಥ ಗ್ರಂಥಾಲಯವನ್ನು ಯೋಜಿಸಿದ ಮೇಯರರ ದೂರದೃಷ್ಟಿಯನ್ನು ಕೊಂಡಾಡಿದ್ದರು. ಮೇಯರರು ಆ ವಾಕ್ಯವನ್ನು ನನ್ನಿಂದ ಹಲವು ಸಲ ಓದಿಸಿ ಕೇಳಿ, ಕಡೆಗೆ ತಾವೇ ಹಾಗೆ ಯೋಜಿಸಿದ್ದು ನೆನಪಾಗುತ್ತಿದೆ ಎಂದರು.

ವರದಿಯ ಬೆನ್ನಿಗೆ ಹೊಸ ನಿಯಮ ಬಂತು. ಪುಸ್ತಕವಿರುವ ಪ್ರತಿ ಸ್ಥಳವೂ ಇನ್ನು ಮುಂದೆ ಗ್ರಂಥಾಲಯದ ಶಾಖೆ. ಓದಲು ಅನುಮತಿಯುಂಟು. ಆದರೆ ಶಾಖೆಯೆಂದ ಮೇಲೆ ಗ್ರಂಥಾಲಯದ ಶಿಸ್ತು ಅನ್ವಯಿಸುತ್ತದೆ: ಜೋರಾಗಿ ಮಾತಾಡತಕ್ಕದ್ದಲ್ಲ, ತಿನ್ನತಕ್ಕದ್ದಲ್ಲ, ಕುಡಿಯತಕ್ಕದ್ದಲ್ಲ, ಹಾಡತಕ್ಕದ್ದಲ್ಲ.

ಊರಿನ ಎಲ್ಲ ಮನೆಗಳಲ್ಲೂ ಪುಸ್ತಕವಿತ್ತು. ಅಡುಗೆಮನೆಯಲ್ಲಿ ಪಿಸುಮಾತು ಶುರುವಾಯಿತು. ತ್ಸೊಲಣ್ಣ ಮೂಳೆಯನ್ನು ಸದ್ದಿಲ್ಲದೆ ಕೊಯ್ಯಬೇಕಾಯಿತು, ಕಡಿಯುವ ಹಾಗಿರಲಿಲ್ಲ. ಗಂಡ ಹೆಂಡತಿಯ ಜಗಳಗಳು ಚೀಟಿಯಲ್ಲಿ ನಡೆದವು. ಹೊಟ್ಟೆಗೆ ತಿನ್ನುವುದೆಲ್ಲಿ, ರಾಕಿಯಾ ಸಾರಾಯಿ ಕುಡಿಯುವುದೆಲ್ಲಿ ಎಂದು ಜನ ದಿಕ್ಕೆಟ್ಟಿದ್ದಾಗ, ಇಡೀ ದೊಲ್ನಾ ಸ್ಲಿವಾದಲ್ಲಿ ಒಂದೂ ಪುಸ್ತಕವಿಲ್ಲದ ಜಾಗ ಒಂದೇ ಒಂದಿದೆ ಎಂಬುದು ಅಂಚೆಯವನಿಗೆ ಹೊಳೆಯಿತು.

ಅಂದಿನಿಂದ ಗ್ರಂಥಾಲಯ ತುಂಬಿ ತುಳುಕುತ್ತಿದೆ. ಊಟದ ಹೊತ್ತಿಗೆ ಪಾತ್ರೆ ಹಿಡಿದುಕೊಂಡು ಎಲ್ಲರೂ ಅಲ್ಲಿಗೆ ಬರುತ್ತಾರೆ. ಮದುವೆಗಳು ಅಲ್ಲೇ, ಇಸ್ಪೀಟೂ ಅಲ್ಲೇ. ಚೆಲ್ಲಿದ ಸಾರು ತಾನಾಗಿ ಜಾಲರಿಗೆ ಹೋಗುತ್ತದೆ. ಜೋರಾಗಿ ಜಗಳವಾಡಬೇಕೆನಿಸಿದವರು "ಬಾ, ಗ್ರಂಥಾಲಯಕ್ಕೆ ಬಾ, ತೋರಿಸ್ತೀನಿ" ಎಂದು ಪಿಸುಗುಟ್ಟಿ ಹೊರಡುತ್ತಾರೆ. ಐದು ವರ್ಷದ ಷರತ್ತಿಗೆ ಭಂಗವಾಗದಂತೆ, ಪ್ರತಿ ಸಂಜೆ ರುಮೆನ್ ಎಲ್ಲರನ್ನೂ ಹೊರಗೆ ಕಳುಹಿಸಿ, ಕಟ್ಟಡ ಫೋಟೋದಲ್ಲಿರುವ ಹಾಗೇ ಇದೆಯೆಂದು ಖಚಿತಪಡಿಸಿಕೊಂಡು, ಮತ್ತೆ ಒಳಗೆ ಬಿಡುತ್ತಾನೆ.

ಝಿವ್ಕಕ್ಕನಿಗೆ ಶಾಖೆಗಳ ಸಂಚಾರಿ ಮೇಲ್ವಿಚಾರಕಿ ಎಂಬ ಹುದ್ದೆ ಕೊಡಲಾಯಿತು. ಸೈಕಲ್ಲು ಅವಳದೇ. ಮೊನ್ನೆ ಸಿಕ್ಕಾಗ ಕೇಳಿದೆ: "ಹೆಂಗಿದೆ ಅಕ್ಕ ಕೆಲಸ?"

"ಏನ್ ಹೇಳ್ಲಿ ಕಣೋ. ನನ್ನ ಇಡೀ ನೌಕರೀಲಿ ಇಷ್ಟು ಜನ ಓದೋದು ನೋಡಿರ್ಲಿಲ್ಲ. ತ್ಸೊಲ ನನಗೇ ಪ್ರಾಸ ತಿದ್ತಾನೆ. ಖುಷಿಗೆ ನಿದ್ದೆ ಬರಲ್ಲ, ಕೋಪಕ್ಕೂ ಬರಲ್ಲ."

ಈ ಯಶಸ್ಸಿನಿಂದ ಉತ್ತೇಜಿತವಾದ ಪುರಸಭೆಯು ಹೋದ ವಾರ ಸರ್ವಾನುಮತದಿಂದ ಮತ್ತೊಂದು ನಿರ್ಣಯ ಮಾಡಿದೆ. ಊರಿನ ಆಸ್ಪತ್ರೆಯನ್ನು ಆಧುನೀಕರಿಸಲಾಗುವುದು. ಕಾಮಗಾರಿ ಮುಗಿಯುವ ತನಕ ವೈದ್ಯರು, ದಾದಿಯರು ಹಾಗೂ ಉಪಕರಣಗಳನ್ನು ನಾಗರಿಕರ ಮನೆಗಳಲ್ಲಿ ತಾತ್ಕಾಲಿಕವಾಗಿ ಇರಿಸಲಾಗುವುದು. ಯಾರೂ ತಕರಾರು ಮಾಡಲಿಲ್ಲ. ಸೂಲಗಿತ್ತಿ ತಮ್ಮ ಮನೆಗೇ ಬೇಕೆಂದು ಹೊಸದಾಗಿ ಮದುವೆಯಾದವರು ಬೆಳಿಗ್ಗೆಯೇ ಬಂದು ಹೆಸರು ಹೇಳಿಹೋದರು. ಕ್ಷೌರದಂಗಡಿಗೆ ಶಸ್ತ್ರಚಿಕಿತ್ಸಕರು ಹೋಗುವುದೆಂದು ಅವರೂ ಕ್ಷೌರಿಕನೂ ಮಾತಾಡಿಕೊಂಡಿದ್ದಾರೆ.

ಮೆತೋದಜ್ಜನ ಮನೆಗೆ ಕಣ್ಣಿನ ಡಾಕ್ಟರನ್ನು ಹಾಕಿದ್ದೆ. ಪೊರೆ ತೆಗೆಸಿದರೆ ಚೆನ್ನಾಗಿ ಕಾಣುತ್ತದೆ ಎಂದು ಅವರೇ ಹೇಳಿದ್ದರು. ಸುದ್ದಿ ಹೇಳಲು ಹೋದಾಗ ಇಬ್ಬರು ಹೆಂಗಸರೂ ಒಳಗೆ ಉಪ್ಪಿನಕಾಯಿ ಜಾಡಿಗಳ ಮುಂದೆ ಪಿಸುದನಿಯಲ್ಲಿ ಕಿತ್ತಾಡುತ್ತಿದ್ದರು. ಅಜ್ಜ ನನ್ನ ತೋಳು ಹಿಡಿದು ಹತ್ತಿರ ಎಳೆದುಕೊಂಡ.

"ಮಗಾ, ಕಣ್ಣಿನೋರು ಬೇಡ. ಬೇರೆ ಯಾರಿಗಾದ್ರೂ ಕೊಡು."

"ಯಾಕಜ್ಜಾ? ಕಣ್ಣು ಬಂದ್ರೆ ನೀವೇ ಓದ್ಕೋಬೋದು."

"ಅದೇ ನೋಡು ತೊಂದ್ರೆ," ಎಂದ ಅಜ್ಜ. ಒಳಗಿನ ಪಿಸುಮಾತಿಗೆ ಸ್ವಲ್ಪ ಹೊತ್ತು ಕಿವಿ ಕೊಟ್ಟ. "ಈಗ ಇಬ್ರು ಓದ್ತಾರೆ ನಂಗೆ. ಇಬ್ರು! ಹಲ್ಲಿನೋರು ಇದ್ರೆ ಕಳ್ಸು."

ವಿನಂತಿಯು ನಿಯಮಕ್ಕೆ ಅನುಗುಣವಾಗಿತ್ತು. ಶುಕ್ರವಾರ ದಂತವೈದ್ಯರು ತಮ್ಮ ಕುರ್ಚಿಯ ಸಮೇತ ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಅಜ್ಜಿ ಕಿಟಕಿಯ ಪಕ್ಕದ ಬಿಸಿಲು ಬೀಳುವ ಕೋಣೆ ತೋರಿಸಿದಳು. ಅವರು ಮಂಚವನ್ನು ಒತ್ತಿ ನೋಡಿ, ಮೆತ್ತಗಿದೆ ಎಂದು ಹೇಳಿ, ಪೆಟ್ಟಿಗೆ ಬಿಚ್ಚತೊಡಗಿದರು.